ಲ್ಯಾಪ್‌ಟಾಪ್ ಜೊತೆ ಬಂದ ಆಂಟಿವೈರಸ್ ತೆಗೆದಿದ್ದು ಹೀಗೆ

ಹೊಸ ಲ್ಯಾಪ್‌ಟಾಪ್ ಜೊತೆ ಪುಕ್ಕಟೆಯಾಗಿ ಒಂದು ಆಂಟಿವೈರಸ್ ಬಂದಿತ್ತು. ಟ್ರಯಲ್ ಅವಧಿ ಮುಗಿದ ಮೇಲೆ ಶುರುವಾಯ್ತು ಕಾಟ. ಮೂಲೆಯಲ್ಲಿ ಕೆಂಪು ಪೆಟ್ಟಿಗೆ: ‘ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ, ಈಗಲೇ ರಿನ್ಯೂ ಮಾಡಿ’. ಮುಚ್ಚಿದರೆ ಮತ್ತೆ ಹಾಜರ್, ಸಾಲ ವಸೂಲಿಗೆ ಬಂದವರ ಹಾಗೆ!

ಸೆಟ್ಟಿಂಗ್ಸ್‌ನ ಆ್ಯಪ್ಸ್‌ಗೆ ಹೋಗಿ ಅನ್‌ಇನ್‌ಸ್ಟಾಲ್ ಒತ್ತಿದೆ. ‘ರಿಯಾಯಿತಿ ಕೊಡುತ್ತೇವೆ, ಹೋಗಬೇಡಿ’ ಅನ್ನೋ ಪರದೆ ಬಂತು. ಉಳಿಸಿಕೊಳ್ಳುವುದಕ್ಕೆ ದೊಡ್ಡ ಹಸಿರು ಬಟನ್; ತೆಗೆಯುವುದಕ್ಕೆ ಕೆಳಗೆಲ್ಲೋ ಸಣ್ಣ ಬೂದು ಅಕ್ಷರ. ಜಾಣತನ ನೋಡಿ!

ರೀಸ್ಟಾರ್ಟ್ ಮಾಡಿದರೂ ಟಾಸ್ಕ್ ಮ್ಯಾನೇಜರ್‌ನಲ್ಲಿ (ಈಗ ಏನೇನು ಓಡುತ್ತಿದೆ ಅಂತ ತೋರಿಸುವ ವಿಂಡೋಸ್ ಪರದೆ) ಅದರ ಸರ್ವಿಸ್‌ಗಳು, ಅಂದ್ರೆ ಹಿನ್ನೆಲೆಯ ಪ್ರೋಗ್ರಾಂಗಳು, ಓಡುತ್ತಲೇ ಇದ್ದವು. ಸುಮ್ನೆ ಫೋಲ್ಡರ್ ಡಿಲೀಟ್ ಮಾಡೋಣ ಅಂದ್ರೆ ಬಿಡಲ್ಲ, ಆಂಟಿವೈರಸ್ ಅಲ್ವಾ, ತನ್ನ ಫೈಲ್‌ಗಳನ್ನು ತಾನೇ ಕಾಯುತ್ತದೆ. ಕೆಲಸಕ್ಕೆ ಬಂದದ್ದು ಆ ಕಂಪನಿಯದೇ ರಿಮೂವಲ್ ಟೂಲ್. ಹೆಚ್ಚಿನ ಆಂಟಿವೈರಸ್ ಕಂಪನಿಗಳು ಇದನ್ನು ಕೊಡುತ್ತವೆ. ಅವರ ಸೈಟ್‌ನಿಂದಲೇ ಇಳಿಸಿಕೊಳ್ಳಿ, ಬೇರೆ ಕಡೆಯಿಂದ ಬೇಡ. ಓಡಿಸಿ ಇನ್ನೊಮ್ಮೆ ರೀಸ್ಟಾರ್ಟ್ ಮಾಡಿದೆ, ಬೇರುಸಹಿತ ಹೋಯ್ತು.

ಹಾಗಾದರೆ ರಕ್ಷಣೆ? ವಿಂಡೋಸ್ 8ರಿಂದ ಡಿಫೆಂಡರ್ ಆಂಟಿವೈರಸ್ ಒಳಗೇ ಬರುತ್ತದೆ. ಬೇರೆಯದು ಇದ್ದಾಗ ಪಕ್ಕಕ್ಕೆ ಸರಿಯುತ್ತದೆ, ತೆಗೆದರೆ ತಾನಾಗಿ ಎದ್ದು ಕೂರುತ್ತದೆ. ಆದರೂ ವಿಂಡೋಸ್ ಸೆಕ್ಯೂರಿಟಿ ತೆರೆದು ‘ರಿಯಲ್-ಟೈಮ್ ಪ್ರೊಟೆಕ್ಷನ್’ ಆನ್ ಇದೆಯಾ ಅಂತ ಒಮ್ಮೆ ನೋಡಿಕೊಳ್ಳಿ.