ಹಳೇ ಮನೆಯ ಬೇವಿನ ತೊಲೆಯಲ್ಲಿ ಗಿಟಾರ್

ಗಿಟಾರಿನ ಬೆನ್ನಿಗೆ, ಪಕ್ಕೆಗೆ ಬೀಟೆಯೋ ಮಹಾಗನಿಯೋ ಇರಲೇಬೇಕು ಅಂತಾರೆ. ನಮ್ಮ ಬಾಗಲಕೋಟೆ ಕಡೆ ಬೀಟೆ ಎಲ್ಲಿಂದ ಬರಬೇಕು? ತರಿಸಿದರೆ ದುಬಾರಿ, ಜೊತೆಗೆ ಕಾಗದಪತ್ರದ ಕಿರಿಕಿರಿ. ಇಲ್ಲಿ ಸಿಗುವುದು ಬೇವು, ಜಾಲಿ, ಹುಣಸೆ. ಆಲಮಟ್ಟಿ ಹಿನ್ನೀರು ಬಂದಾಗ ಹಳೇ ಊರಿನಲ್ಲಿ ಎಷ್ಟೋ ಮನೆ ಕೆಡವಿದರು. ಅವುಗಳ ಕಂಬ, ತೊಲೆ, ಜಂತಿ ಇನ್ನೂ ಕೆಲವರ ಹಿತ್ತಲಲ್ಲಿ ಬಿದ್ದಿವೆ. ಅಷ್ಟು ವರ್ಷ ಸೂರಿನ ಕೆಳಗೆ ಒಣಗಿದ ಕಟ್ಟಿಗೆ ದುಡ್ಡು ಕೊಟ್ಟರೂ ಬೇರೆಡೆ ಸಿಗುವುದಿಲ್ಲ.

ಬೇವನ್ನೇ ಆರಿಸಲು ಒಂದು ಕಾರಣ ಇದೆ. ಬೇವು, ಮಹಾಗನಿ ಎರಡೂ ಮೀಲಿಯೇಸಿ ಅನ್ನೋ ಒಂದೇ ಕುಟುಂಬದ ಮರಗಳು. ಚೇಗಿನ, ಅಂದರೆ ಒಳಗಿನ ಗಟ್ಟಿ ಕಟ್ಟಿಗೆಯ, ಬಣ್ಣವೂ ಹತ್ತಿರ ಹತ್ತಿರ ಅದೇ ಕೆಂಪು-ಕಂದು. ಬೇವು ಸ್ವಲ್ಪ ತೂಕ ಜಾಸ್ತಿ, ಎಳೆಗಳು ಜಾಸ್ತಿ ಹೆಣೆದುಕೊಂಡಿರುತ್ತವೆ. ಕಷ್ಟ ಶುರುವಾಗೋದೇ ಆ ಹೆಣಿಗೆಯಿಂದ.

ಮೊದಲು ಮೊಳೆ. ಹಳೇ ಸ್ಪೀಕರಿನ ಮ್ಯಾಗ್ನೆಟ್ಟನ್ನು ದಾರಕ್ಕೆ ಕಟ್ಟಿ ತೊಲೆಯ ನಾಲ್ಕೂ ಮೈ ಮೇಲೆ ಓಡಾಡಿಸುತ್ತೇನೆ. ಅದು ಎಳೆದ ಕಡೆ ಸೀಮೆಸುಣ್ಣದ ಗುರುತು. ಒಂದು ಮೊಳೆ ಉಳಿದರೂ ಸಾಮಿಲ್‌ನವರ ಬ್ಲೇಡ್ ಹಾಳು. ಮೂರು ಮಿಲಿಮೀಟರಿಗಿಂತ ಚೂರು ದಪ್ಪಕ್ಕೆ ಸೀಳಿಕೊಡಿ ಅಂದರೆ ಅವರಿಗೆ ನಗು. "ಏನ್ರೀ ಬಡಿಗೇರ, ಈ ತೊಲಿ ಹಪ್ಪಳ ಮಾಡ್ಸಾಕ ತಂದೀರೇನ್?"

ತೊಲೆ ಅಂದರೆ ಇಡೀ ಮರ, ನಟ್ಟನಡುವೆ ತಿರುಳು. ತಿರುಳಿನ ಸುತ್ತ ಸೀಳು ಬಿಟ್ಟಿರುತ್ತದೆ, ಅದನ್ನು ಬಿಡಬೇಕು. ನಡುವಿನಿಂದ ಹೊರಕ್ಕೆ ನೇರವಾಗಿ ಸೀಳಿಸಿದ ಹಲಗೆ ಹವೆಗೆ ಕಡಿಮೆ ಹಿಗ್ಗುತ್ತದೆ, ಕಡಿಮೆ ಕುಗ್ಗುತ್ತದೆ. ಆದರೆ ಹಾಗೆ ಸೀಳಿದರೆ ಅಗಲ ಸಾಲದು. ಬೆನ್ನನ್ನು ಎರಡು ತುಂಡಿನಲ್ಲಿ ಮುಗಿಸಲು ಒಂದೊಂದೂ ಎಂಟು ಇಂಚು ಬೇಕು, ತೊಲೆಯಲ್ಲಿ ಸಿಗುವುದು ಐದೋ ಆರೋ. ಅದಕ್ಕೆ ಮೂರು ತುಂಡು ಜೋಡಿಸುತ್ತೇನೆ. ಇದರಲ್ಲಿ ನಾಚಿಕೆ ಪಡುವಂಥದ್ದು ಏನಿಲ್ಲ. ಅಗಲದ ಬ್ರೆಜಿಲ್ ಬೀಟೆ ಸಿಗದೆ ಅಮೆರಿಕದ ಗಿಟಾರ್ ಕಂಪನಿ ಮಾರ್ಟಿನ್ 1965ರಲ್ಲಿ ಮೂರು ತುಂಡಿನ ಬೆನ್ನಿನ ಡಿ-35 ಗಿಟಾರ್ ಮಾಡಿತು. ಆ ಮಾಡೆಲ್ ಇವತ್ತಿಗೂ ನಡೀತಿದೆ.

ಹತ್ತರಿ ಹಾಕಿದರೆ ಬೇವು ಕಿತ್ತು ಬರುತ್ತದೆ. ಒಂದು ಪಟ್ಟಿಯಲ್ಲಿ ಎಳೆ ಈ ಕಡೆ, ಪಕ್ಕದ ಪಟ್ಟಿಯಲ್ಲಿ ಆ ಕಡೆ. ಅಲಗು ಎಷ್ಟೇ ಹರಿತ ಇರಲಿ, ಯಾವುದೋ ಒಂದು ಪಟ್ಟಿ ಎದ್ದೇ ಏಳುತ್ತದೆ. ಕೊನೆಯ ಅರ್ಧ ಮಿಲಿಮೀಟರನ್ನು ಸ್ಕ್ರೇಪರಿನಲ್ಲಿ (ಕೆರೆಯುವ ಉಕ್ಕಿನ ತಗಡು), ಇಲ್ಲವಾದರೆ ಅಪ್ಪ ಮಾಡುತ್ತಿದ್ದ ಹಾಗೆ ಗಾಜಿನ ಚೂರಿನಲ್ಲಿ ಕೆರೆದೇ ತೆಗೆಯಬೇಕು. ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ. ಧೂಳು ಎಷ್ಟು ಕಹಿ ಅಂದರೆ ಸಂಜೆ ಚಹಾಕ್ಕೂ ಬೇವಿನ ರುಚಿ.

ಪಕ್ಕೆ ಬಗ್ಗಿಸುವುದು ಇನ್ನೊಂದು ಪರೀಕ್ಷೆ. ಬೀಟೆಯನ್ನು ಎರಡು ಮಿಲಿಮೀಟರಿಗೆ ಇಳಿಸಿ, ಕಾದ ಪೈಪಿಗೆ ಒತ್ತಿದರೆ ಮಾತು ಕೇಳುತ್ತದೆ. ಬೇವು ಗಿಟಾರಿನ ಸೊಂಟದ ಹತ್ತಿರ, ಪಕ್ಕೆ ಒಳಕ್ಕೆ ಬಾಗುವಲ್ಲಿ, ಚಟ್ ಅನ್ನುತ್ತದೆ. ಸೊಂಟದಲ್ಲಿ ಇನ್ನೂ ಸ್ವಲ್ಪ ತೆಳು ಮಾಡಬೇಕು, ನೀರು ಸವರಿದಷ್ಟೇ ಸಾಕು, ಹೊರಮೈಗೆ ತೆಳು ತಗಡಿನ ಪಟ್ಟಿ ಕೊಟ್ಟು ನಿಧಾನಕ್ಕೆ ಬಗ್ಗಿಸಬೇಕು. ಕೈಗೆ ಕಟ್ಟಿಗೆ ಸಡಿಲಾದದ್ದು ತಿಳಿಯುತ್ತದೆ. ಅದಕ್ಕೂ ಮುಂಚೆ ಬಲ ಹಾಕಬಾರದು.

ಬೆರಳು ಒತ್ತುವ ಪಟ್ಟಿ ಫ್ರೆಟ್‌ಬೋರ್ಡು, ತಂತಿ ಕಟ್ಟುವ ಬ್ರಿಡ್ಜು, ಇವೆರಡಕ್ಕೂ ಜಾಲಿ. ಹಳೇ ಚಕ್ಕಡಿಯಿಂದ ಬಿಚ್ಚಿದ್ದಾದರೆ ಇನ್ನೂ ಒಳ್ಳೆಯದು. ಗಟ್ಟಿ, ತೂಕ, ಬೆರಳು ಸವೆಸಲಾರದ ಕಟ್ಟಿಗೆ. ಹವಾಯಿಯ ಕೋವಾ ಮರ ಇದರ ದೂರದ ಬಳಗ. ಕೋವಾ ಗಿಟಾರಿಗೆ ಲಕ್ಷಗಟ್ಟಲೆ ಕೊಡುವವರು ಜಾಲಿ ಅಂದ ಕೂಡಲೇ ಮುಖ ಸಿಂಡರಿಸುತ್ತಾರೆ, ಅದೇ ತಮಾಷೆ.

ಮುಂಭಾಗದ ಹಲಗೆ, ಅಂದರೆ ಟಾಪ್, ಮಾತ್ರ ಸ್ಪ್ರೂಸ್ ಅನ್ನೋ ಪೈನ್ ಬಳಗದ ಮರದ್ದು, ಹೊರಗಿನಿಂದ ತರಿಸಿದ್ದು. ಅಲ್ಲಿ ನಾನು ಆಟ ಆಡುವುದಿಲ್ಲ. ತಂತಿಯ ಎಳೆತ ತಡೆದು ತಾನೂ ನಡುಗುವಷ್ಟು ಹಗುರ, ಗಡಸು ಎರಡೂ ಇರುವ ಮರ ನಮ್ಮ ಬಯಲಲ್ಲಿ ನನಗೆ ಸಿಕ್ಕಿಲ್ಲ. ನಾದದ ಬಹುಪಾಲು ಟಾಪಿನದು. ಬೆನ್ನಿನ ಮರಕ್ಕೆ ಅಷ್ಟು ತಲೆ ಕೆಡಿಸಿಕೊಳ್ಳಬೇಡಿ. 1862ರಲ್ಲಿ ಸ್ಪೇನಿನ ಗಿಟಾರ್ ತಯಾರಕ ಆಂಟೋನಿಯೋ ದೆ ಟೊರೆಸ್ ಬೆನ್ನು, ಪಕ್ಕೆಗಳನ್ನು ಕಾಗದದ ರಟ್ಟಿನಲ್ಲೇ ಮಾಡಿ ತೋರಿಸಿದ್ದ. ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು ಬೆನ್ನು-ಪಕ್ಕೆಯ ಮರ ಮಾತ್ರ ಬೇರೆ ಇದ್ದ ಆರು ಗಿಟಾರುಗಳನ್ನು 52 ಜನರ ಕೈಲಿ, ಮರ ಕಾಣದ ಹಾಗೆ, ನುಡಿಸಿ ನೋಡಿದರು. 2018ರಲ್ಲಿ ಬಂದ ಅವರ ವರದಿ ಪ್ರಕಾರ, ದುಬಾರಿ ಮರಕ್ಕೂ ಅಗ್ಗದ ಮರಕ್ಕೂ ಬಿದ್ದ ಅಂಕ ಹೆಚ್ಚುಕಡಿಮೆ ಒಂದೇ.

ಹಾಗಂತ ಬೇವೂ ಬೀಟೆಯೂ ಒಂದೇ ಅಂತ ನಾನು ಹೇಳಲಾರೆ. ಹಲಗೆ ತೂಗಿ ಹಿಡಿದು ಬಡಿದರೆ ಬೀಟೆ ಗಂಟೆಯಂತೆ ಮೊಳಗುತ್ತದೆ, ಬೇವು ಬೇಗ ಸುಮ್ಮನಾಗುತ್ತದೆ. ಆಲಾಪದಂತೆ ಉದ್ದ ನಾದ ಬೇಕೆನ್ನುವವರಿಗೆ ಇದು ಹಿಡಿಸಲಿಕ್ಕಿಲ್ಲ. ಹಾಡಿಗೆ ಸಾಥ್ ಕೊಡುವವರು ಇಷ್ಟಪಟ್ಟಿದ್ದಾರೆ, ದನಿಯ ಮೇಲೆ ಬೀಳುವುದಿಲ್ಲ ಅಂತ.

ಟಾಪಿಗೆ ಒಳಗಿನಿಂದ ಬಲ ಕೊಡುವ ಪಟ್ಟಿಗಳನ್ನು, ಅಂದರೆ ಬ್ರೇಸುಗಳನ್ನು, ಮಳೆಗಾಲದಲ್ಲಿ ಅಂಟಿಸುವುದಿಲ್ಲ. ಆಗ ಟಾಪ್ ಹಿಗ್ಗಿರುತ್ತದೆ, ನಮ್ಮ ಏಪ್ರಿಲ್ ಬಿಸಿಲಿಗೆ ಕುಗ್ಗಿ ಸೀಳುತ್ತದೆ. ಹವೆಯ ತೇವ ಶೇ. 45ರ ಆಸುಪಾಸು ಇದ್ದಾಗಲೇ ಅಂಟು. ಅದನ್ನು ಅಳೆಯುವ ಮೀಟರ್ ಕೆಲವೇ ನೂರು ರೂಪಾಯಿ, ಮೊದಲು ಅದನ್ನು ಕೊಳ್ಳಿ, ಆಮೇಲೆ ತೊಲೆ ಹುಡುಕಿ.