ರಾತ್ರಿ ಗಾಳಕ್ಕೆ ಲೈಟ್ ಎಲ್ಲಿ ಇಡಬೇಕು, ಗಾಳ ಎಲ್ಲಿ ಹಾಕಬೇಕು

ಮೊದಲ ಸಲ ಲೈಟ್ ಹಿಡ್ಕೊಂಡು ಧಕ್ಕೆಗೆ, ಅಂದರೆ ದೋಣಿ ಕಟ್ಟುವ ಕಟ್ಟೆಗೆ, ಹೋದಾಗ ನಾನು ನೀರು ಪಳಪಳ ಹೊಳೆಯುತ್ತಿದ್ದ ಜಾಗದ ನಡುವೆಯೇ ಗಾಳ ಹಾಕಿ ಕೂತಿದ್ದೆ. ಎರಡು ಗಂಟೆ ಸುಮ್ನೆ ಸೊಳ್ಳೆ ಕಚ್ಚಿಸಿಕೊಂಡೆ. ಬೇಜಾರಾಗಿ ಫ್ಲಾಸ್ಕಿನ ಚಹಾ ಬಗ್ಗಿಸಿಕೊಳ್ಳುವಷ್ಟರಲ್ಲಿ ಇಳಿತದ ಸೆಳೆತಕ್ಕೆ ದಾರ ಕಂಬದ ನೆರಳಿನ ಕಡೆ ಸರಿದಿತ್ತು, ನೋಡಿದರೆ ರಾಡ್ ಬಾಗಿದೆ. ಒಳ್ಳೇ ಕೆಂಬೇರಿ ಮೀನು!

ದೊಡ್ಡ ಮೀನು ಸಾಮಾನ್ಯವಾಗಿ ಬೆಳಕಿನ ನಡುವೆ ಬಂದು ನಿಲ್ಲುವುದಿಲ್ಲ. ಬೆಳಕಿಗೆ ಮೊದಲು ಬರುವುದು ಕಣ್ಣಿಗೆ ಸರಿಯಾಗಿ ಕಾಣದಂಥ ಸಣ್ಣ ಜೀವಿಗಳು, ಸಿಗಡಿ ಮರಿಗಳು. ಅವನ್ನು ತಿನ್ನಲು ಪುಡಿಮೀನು ಬರುತ್ತದೆ. ಪುಡಿಮೀನು ಹಿಡಿಯಲು ಬಂದ ದೊಡ್ಡದು ಬೆಳಕು ಮುಗಿದು ಕತ್ತಲು ಶುರುವಾಗುವ ಅಂಚಿನಲ್ಲಿ ಕಾದು ನಿಂತಿರುತ್ತದೆ. ನಿಮ್ಮ ಗಾಳ ಇರಬೇಕಾದ್ದು ಅಲ್ಲಿ. ಬೊಂಡಾಸ್ (ಸ್ಕ್ವಿಡ್) ಕೂಡ ಹಾಗೇ, ನೆರಳಿನಿಂದ ಹೊರಗೆ ನುಗ್ಗಿ ಬೇಟೆ ಹಿಡಿದು ಮತ್ತೆ ನೆರಳಿಗೇ ಹೋಗುತ್ತದೆ.

ಬಣ್ಣದ ವಿಷಯಕ್ಕೆ ಬಂದರೆ, ಹೊಳೆ ಮತ್ತು ಅಳಿವೆಯ (ಹೊಳೆ ಕಡಲು ಸೇರುವ ಜಾಗದ) ಕಲಕು ನೀರಿಗೆ ಹಸಿರು ಲೈಟ್ ತಗೊಳ್ಳಿ. ನೀಲಿ ಬೆಳಕು ಆಳ ಸಮುದ್ರದ ತಿಳಿ ನೀರಿನಲ್ಲಿ ದೂರ ಹೋಗುತ್ತದೆ, ನಮ್ಮ ಹೊಳೆಯಲ್ಲಿ ಅಷ್ಟಿಲ್ಲ. ಕೆಂಪು ಬೆಳಕನ್ನು ನೀರು ಬೇಗ ಹೀರಿಕೊಂಡುಬಿಡುತ್ತದೆ, ಅದಕ್ಕೇ ಗಾಳಕ್ಕೆ ಸಿಗಡಿ ಚುಚ್ಚುವಾಗ ತಲೆಗೆ ಕೆಂಪು ಟಾರ್ಚ್ ಕಟ್ಟಿಕೊಂಡರೆ ಒಳ್ಳೇದು.

ಲೈಟ್ ನೀರಿನ ಮೇಲೆ ಇಡುವುದಾದರೆ ಆದಷ್ಟು ನೇರ ಕೆಳಮುಖ ಮಾಡಿ. ತೀರಾ ಓರೆಯಾಗಿ ಬಿಟ್ಟರೆ ಬೆಳಕಿನ ಒಂದಷ್ಟು ಪಾಲು ನೀರಿನ ಮೇಲಿಂದಲೇ ಜಾರಿ ಹೋಗುತ್ತದೆ. ನೀರೊಳಗೆ ಇಳಿಸುವ ಲೈಟ್ ಇದ್ದರೆ ಇನ್ನೂ ಚೆನ್ನ, ಆದರೆ ಅದಕ್ಕೆ ಭಾರ ಕಟ್ಟಿ, ಇಲ್ಲದಿದ್ದರೆ ಸೆಳೆತಕ್ಕೆ ತೇಲಿ ನಿಮ್ಮ ದಾರಕ್ಕೇ ಸುತ್ತಿಕೊಳ್ಳುತ್ತದೆ. ಒಮ್ಮೆ ಇಟ್ಟ ಮೇಲೆ ಅಲ್ಲಾಡಿಸಬೇಡಿ, ಆರಿಸಿ ಹಚ್ಚಿ ಆಟ ಆಡಬೇಡಿ. ಪುಡಿಮೀನು ಸೇರಲು ಅರ್ಧ ಗಂಟೆಯೋ ಒಂದು ಗಂಟೆಯೋ ಬೇಕು, ಆಮೇಲೇ ಗಾಳ ನೀರಿಗೆ ಹಾಕಿ.

ಬ್ಯಾಟರಿ ಲೆಕ್ಕ ಸುಲಭ. ಯುಪಿಎಸ್‌ನಲ್ಲಿ ಬರುವ 12 ವೋಲ್ಟ್ 7 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಸುಮಾರು 84 ವ್ಯಾಟ್-ಅವರ್ ಇರುತ್ತದೆ. ಕಾಗದದ ಮೇಲೆ 10 ವ್ಯಾಟ್ ಲೈಟ್ ಎಂಟು ಗಂಟೆ ಉರಿಯಬೇಕು. ಆದರೆ ಪೂರ್ತಿ ಖಾಲಿ ಮಾಡಿದರೆ ಆ ಥರದ ಬ್ಯಾಟರಿ ಬೇಗ ಹಾಳಾಗುತ್ತದೆ, ನಾಲ್ಕು ಗಂಟೆ ಅಂತ ಇಟ್ಟುಕೊಳ್ಳಿ.

ಇನ್ನು ಯಾವ ರಾತ್ರಿ ಹೋಗುವುದು? ಹುಣ್ಣಿಮೆಗೆ ಹೋಗಲೇಬೇಡಿ, ತಿಂಗಳ ಬೆಳಕಿನ ಮುಂದೆ ನಿಮ್ಮ ಲೈಟ್ ಎದ್ದು ಕಾಣುವುದಿಲ್ಲ. ಎಲ್ಲರೂ ಅಮಾವಾಸ್ಯೆ ಅಂತಾರೆ. ಕತ್ತಲೇನೋ ಸರಿ, ಆದರೆ ಆ ದಿನಗಳಲ್ಲಿ ಉಬ್ಬರ-ಇಳಿತ ಎರಡೂ ಜೋರು, ಅಳಿವೆ ಹತ್ತಿರ ಸೀಸದ ಗುಂಡು ಕೂಡ ನಿಲ್ಲುವುದಿಲ್ಲ. ನನ್ನ ಮಟ್ಟಿಗೆ ಕೃಷ್ಣ ಪಕ್ಷದ ದಶಮಿ ಆಸುಪಾಸೇ ಒಳ್ಳೇದು: ಚಂದ್ರ ಹುಟ್ಟುವುದು ನಡುರಾತ್ರಿ ಕಳೆದ ಮೇಲೆ, ಸೆಳೆತವೂ ಕಮ್ಮಿ.

ಗಾಳವನ್ನು ಬೆಳಕಿನಾಚೆ ಕತ್ತಲಿಗೆ ಎಸೆದು, ನಿಧಾನಕ್ಕೆ ಅಂಚಿನವರೆಗೆ ಎಳೆದು ತನ್ನಿ. ಜೀವಂತ ಸಿಗಡಿಯಾದರೆ ಎಳೆಯುವುದೂ ಬೇಡ, ಅಂಚಿನಲ್ಲೇ ಬಿಟ್ಟುಬಿಡಿ.

ದೋಣಿ ಇದೆ, ಜನರೇಟರ್ ಇಟ್ಟು ದೊಡ್ಡ ಲೈಟ್ ಹಾಕೋಣ ಅಂದುಕೊಂಡವರಿಗೆ ಒಂದು ಮಾತು. ಲೈಟ್ ಫಿಶಿಂಗ್ ಮರಿಮೀನನ್ನೂ ಬಿಡದೆ ಬಾಚುತ್ತದೆ, ನಮಗೆ ಏನೂ ಉಳಿಯುವುದಿಲ್ಲ ಅಂತ ನಾಡದೋಣಿಯವರು ಜಗಳ ಆಡಿದ್ದು ಸುಮ್ನೆ ಅಲ್ಲ. 2017ರಲ್ಲಿ ಕೇಂದ್ರ ಸರ್ಕಾರವೂ ಅದನ್ನು ನಿಷೇಧಿಸಿತು. ನಾನು ಹೇಳುತ್ತಿರುವುದು ದಡದಲ್ಲಿ ಕೂತು ಒಂದು ಗಾಳ ಹಾಕುವವರ ವಿಷಯ. ಅಲ್ಲೂ ಲೈಟನ್ನು ದೋಣಿ ಬರುವ ದಾರಿಗೆ ತಿರುಗಿಸಬೇಡಿ, ಕಣ್ಣು ಕೋರೈಸಿದರೆ ಅವರಿಗೆ ಬಂಡೆ ಕಾಣುವುದಿಲ್ಲ. ಮನೆಗೆ ಬಂದ ಮೇಲೆ ಲೈಟು, ವೈರು ಎಲ್ಲ ಸಿಹಿನೀರಲ್ಲಿ ತೊಳೆದು ಒರೆಸಿಡಿ. ಉಪ್ಪು ಕೂತರೆ ಮುಂದಿನ ದಶಮಿಗೆ ಅದು ಹತ್ತುವುದೇ ಇಲ್ಲ.