ಟಕ್ ಅಂದ ಪದ್ಮಿನಿ, ಬಿಸಿಯಾದ ಚೋಕ್ ಕೇಬಲ್

ನಮ್ಮ ಮನೆಯಲ್ಲಿ 1979ರ ಮಾಡೆಲ್ ಪ್ರೀಮಿಯರ್ ಪದ್ಮಿನಿ ಇದೆ. ಅಪ್ಪ ಓಡಿಸುತ್ತಿದ್ದ ಕಾರು, ಈಗ ನನ್ನ ಭಾನುವಾರದ ಹವ್ಯಾಸ. ಮಂಗಳೂರಿನ ಮಳೆ, ಕಡಲ ಗಾಳಿ ಎರಡನ್ನೂ ಅದು ನಲವತ್ತಕ್ಕೂ ಜಾಸ್ತಿ ವರ್ಷ ತಿಂದಿದೆ. ಎಂಜಿನ್ ಕೆಲಸಕ್ಕೆ ಇವತ್ತಿಗೂ ಮೆಕ್ಯಾನಿಕ್ ಹತ್ತಿರ ಹೋಗುತ್ತೇನೆ. ಕರೆಂಟಿನ ಕೆಲಸ ಮಾತ್ರ ಮನೆಯಲ್ಲೇ ಮಾಡಲು ಕಲಿತೆ. ಕಲಿಸಿದ್ದು ಒಂದು ಜುಲೈ ತಿಂಗಳು.

ಕೀ ತಿರುಗಿಸಿದರೆ 'ಟಕ್' ಅಂತ ಒಂದು ಸದ್ದು, ಅಷ್ಟೇ. ಸೆಲ್ಫ್, ಅಂದರೆ ಎಂಜಿನ್ ಚಾಲೂ ಮಾಡುವ ಮೋಟಾರ್, ತಿರುಗುವುದಿಲ್ಲ. ಬ್ಯಾಟರಿ ಹೋಗಿದೆ ಅಂದುಕೊಂಡು ಹೊಸದು ತಂದೆ. ಎರಡು ದಿನ ಸರಿ ಇತ್ತು, ಮತ್ತೆ ಟಕ್. ಸೆಲ್ಫ್ ಮೋಟಾರ್ ಬಿಚ್ಚಿಸಿ ಕಾರ್ಬನ್ ಬ್ರಷ್ ಹಾಕಿಸಿದೆ. ಆಗಲೂ ಅದೇ ಕಥೆ. ದುಡ್ಡು ಹೋಯಿತು, ರೋಗ ಹೋಗಲಿಲ್ಲ. ಒಂದು ದಿನ ನಾಲ್ಕೈದು ಸಲ ಕೀ ತಿರುಗಿಸಿ ಚೋಕ್ (ತಣ್ಣಗಿನ ಎಂಜಿನ್ನಿಗೆ ಪೆಟ್ರೋಲ್ ಪಾಲು ಹೆಚ್ಚಿಸುವ ಗುಂಡಿ) ಎಳೆಯಲು ಕೈ ಹಾಕಿದೆ. ಚೋಕಿನ ಗುಂಡಿ ಬೆಚ್ಚಗಿತ್ತು. ಬಾನೆಟ್ ಎತ್ತಿ ಕೇಬಲ್ ಮುಟ್ಟಿದರೆ ಕೈ ಸುಡುವಷ್ಟು ಬಿಸಿ.

ಪಕ್ಕದ ಬೀದಿಯಲ್ಲಿ ಹಿರಿಯ ಎಲೆಕ್ಟ್ರಿಷಿಯನ್ ಒಬ್ಬರಿದ್ದಾರೆ, ಈಗ ಕೆಲಸ ಬಿಟ್ಟಿದ್ದಾರೆ. ಅವರಿಗೆ ಹೇಳಿದೆ. "ಸೆಲ್ಫಿನ ಕರೆಂಟಿಗೆ ವಾಪಸ್ ಬರಲು ದಾರಿ ಇಲ್ಲ ಮಾರಾಯಾ. ಚೋಕ್ ಕೇಬಲ್ ಹಿಡ್ಕೊಂಡು ಬರ್ತಾ ಉಂಟು. ಅರ್ತ್ ನೋಡು ಮೊದ್ಲು," ಅಂದರು.

ವಿಷಯ ಇಷ್ಟೇ. ಬ್ಯಾಟರಿಯ ನೆಗೆಟಿವ್ ಬಾಡಿಗೆ ಸೇರಿರುತ್ತದೆ, ಇದಕ್ಕೇ ಅರ್ತ್ ಅನ್ನುವುದು. ಎಂಜಿನ್ ಮಾತ್ರ ರಬ್ಬರ್ ಮೌಂಟಿನ ಮೇಲೆ ಕೂತಿರುತ್ತದೆ, ರಬ್ಬರಿನಲ್ಲಿ ಕರೆಂಟ್ ಹರಿಯುವುದಿಲ್ಲ. ಅದಕ್ಕೇ ಎಂಜಿನ್ನಿನಿಂದ ಬಾಡಿಗೆ ತಾಮ್ರದ ಹೆಣೆದ ಪಟ್ಟಿ ಕೊಟ್ಟಿರುತ್ತಾರೆ. ಆ ಪಟ್ಟಿ ಕೆಟ್ಟರೆ ಸೆಲ್ಫ್ ಎಳೆಯುವ ನೂರಾರು ಆಂಪಿಯರ್ ಕರೆಂಟು ಎಲ್ಲಿ ಲೋಹ ಸಿಗುತ್ತದೋ ಅಲ್ಲಿ ನುಗ್ಗುತ್ತದೆ. ನನ್ನ ಕಾರಿನಲ್ಲಿ ಸಿಕ್ಕಿದ್ದು ಚೋಕ್ ಕೇಬಲ್. ಇನ್ನು ಸ್ವಲ್ಪ ದಿನ ಬಿಟ್ಟಿದ್ದರೆ ಅದರ ಪ್ಲಾಸ್ಟಿಕ್ ಕವಚಕ್ಕೆ ಬೆಂಕಿ ಹಿಡಿಯುತ್ತಿತ್ತೇನೋ.

ಆದರೂ ಈ ಸಲ ಅಳೆದು ನೋಡದೆ ಏನನ್ನೂ ಬದಲಿಸಬಾರದು ಅಂತ ನಿರ್ಧಾರ ಮಾಡಿದ್ದೆ. ವೋಲ್ಟ್, ಆಂಪಿಯರ್ ಅಳೆಯುವ ಒಂದು ಸಾಧಾರಣ ಮಲ್ಟಿಮೀಟರ್ ತಂದೆ. ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಮೇಲೆ. ಎಂಜಿನ್ ಸ್ಟಾರ್ಟ್ ಆಗದಿರಲಿ ಅಂತ ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ನಡುವಿನ ದಪ್ಪ ವೈರ್ ಕಿತ್ತು ಬಾಡಿಗೆ ಮುಟ್ಟಿಸಿ ಕಟ್ಟಿದೆ. ಕೀ ತಿರುಗಿಸಲು ಹೆಂಡತಿ ಕೂತಳು, ಮೀಟರ್ ನಾನು ಹಿಡಿದೆ.

ಸುಮ್ನೆ ನಿಂತಾಗ ಬ್ಯಾಟರಿ 12.6 ವೋಲ್ಟ್, ಅಂದರೆ ಹೊಟ್ಟೆ ತುಂಬಿದೆ. ಕೀ ತಿರುಗಿಸಿದಾಗ 11.9. ಬ್ಯಾಟರಿಯೇ ಸೋತಿದ್ದರೆ ಈ ಹೊತ್ತಿನಲ್ಲಿ 9.6ಕ್ಕಿಂತ ಕೆಳಗೆ ಬೀಳಬೇಕಿತ್ತು. ಬೀಳಲಿಲ್ಲ, ಅಂದರೆ ಕರೆಂಟ್ ಸರಿಯಾಗಿ ಹೋಗುತ್ತಲೇ ಇಲ್ಲ. ಆಮೇಲೆ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದು ಬಾಡಿಗೆ. ಕೀ ತಿರುಗಿಸಿದಾಗ 0.1 ವೋಲ್ಟ್, ಅಲ್ಲಿಗೆ ಸರಿ. ಎರಡನೇ ಕಡ್ಡಿಯನ್ನು ಬಾಡಿಯಿಂದ ತೆಗೆದು ಎಂಜಿನ್ ಬ್ಲಾಕಿಗೆ ಒತ್ತಿದೆ. 4.1 ವೋಲ್ಟ್! ಇಲ್ಲಿ 0.3ಕ್ಕಿಂತ ಜಾಸ್ತಿ ಇರಬಾರದು. ಸೆಲ್ಫಿಗೆ ಸಿಗಬೇಕಾದ ವೋಲ್ಟೇಜಿನ ಮೂರನೇ ಒಂದು ಪಾಲು ಆ ಗೇಣುದ್ದದ ಪಟ್ಟಿಯಲ್ಲೇ ಕರಗುತ್ತಿತ್ತು.

ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿದೆ. ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ಅದೇ ಕೊನೆಗೆ. ಇಲ್ಲವಾದರೆ ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೆ ಕಿಡಿ ಹಾರುತ್ತದೆ. ಉಂಗುರ, ಕೈಗಡಿಯಾರ ತೆಗೆದಿಟ್ಟೇ ಈ ಕೆಲಸಕ್ಕೆ ಇಳಿಯಿರಿ. ಪಟ್ಟಿ ಬಿಚ್ಚಿದರೆ ಒಳಗೆಲ್ಲ ಹಸಿರು ಕಿಲುಬು, ಅರ್ಧ ಎಳೆಗಳು ತುಂಡಾಗಿದ್ದವು. ಅದಕ್ಕಿಂತ ಬೇಜಾರಾಗಿದ್ದು ಇನ್ನೊಂದು ನೋಡಿ. ಹಿಂದೊಮ್ಮೆ ಕಾರಿಗೆ ಬಣ್ಣ ಹೊಡೆದಾಗ ಬಾಡಿ ಕಡೆಯ ಬೋಲ್ಟನ್ನು ಬಣ್ಣದ ಮೇಲೆಯೇ ಬಿಗಿದಿದ್ದರು. ಉಪ್ಪು ಕಾಗದದಲ್ಲಿ ಉಜ್ಜಿ ಎರಡೂ ಕಡೆ ಹೊಳೆಯುವ ಲೋಹ ತೆಗೆದೆ. ಹೊಸ ಪಟ್ಟಿ, ಹಲ್ಲಿರುವ ವಾಷರ್, ಬಿಗಿದ ಮೇಲೆ ಸುತ್ತ ವ್ಯಾಸಲೀನ್. ನಮ್ಮ ಕರಾವಳಿಯಲ್ಲಿ ವ್ಯಾಸಲೀನ್ ಹಚ್ಚದಿದ್ದರೆ ಒಂದೇ ಮಳೆಗಾಲಕ್ಕೆ ಮತ್ತೆ ಕಿಲುಬು.

ಮತ್ತೆ ಅಳೆದೆ. 4.1 ಇದ್ದದ್ದು 0.15ಕ್ಕೆ ಇಳಿದಿತ್ತು. ಸೆಲ್ಫ್ ತಿರುಗುವಾಗ ಬ್ಯಾಟರಿ 10.6ಕ್ಕೆ ಇಳಿಯಿತು. ಇದು ಒಳ್ಳೆಯ ಲಕ್ಷಣ. ಈಗ ಸೆಲ್ಫ್ ನಿಜವಾಗಿ ಕರೆಂಟ್ ಎಳೆಯುತ್ತಿದೆ ಅಂತ ಅರ್ಥ.

ಇನ್ನೊಂದು ತೊಂದರೆ ಉಳಿದಿತ್ತು. ನಾಲ್ಕು ದಿನ ನಿಲ್ಲಿಸಿದರೆ ಬ್ಯಾಟರಿ ಖಾಲಿ. ಎಲ್ಲ ಆಫ್ ಮಾಡಿ, ನೆಗೆಟಿವ್ ಕೇಬಲ್ ಬಿಚ್ಚಿ, ಅದಕ್ಕೂ ಬ್ಯಾಟರಿ ಕಂಬಕ್ಕೂ ನಡುವೆ ಮೀಟರನ್ನು 10 ಆಂಪಿಯರ್ ತೂತಿನಲ್ಲಿ ಜೋಡಿಸಿದೆ. (ಹೀಗೆ ಜೋಡಿಸಿದಾಗ ಅಪ್ಪಿತಪ್ಪಿಯೂ ಸೆಲ್ಫ್ ಹೊಡೆಯಬೇಡಿ, ಮೀಟರ್ ಸುಡುತ್ತದೆ.) 0.38 ಆಂಪಿಯರ್ ತೋರಿಸಿತು. ದಿನಕ್ಕೆ ಒಂಬತ್ತು ಆಂಪಿಯರ್ ಅವರ್ ಆಯಿತು, ನನ್ನ 35 ಆಂಪಿಯರ್ ಅವರ್ ಬ್ಯಾಟರಿ ನಾಲ್ಕು ದಿನಕ್ಕೆ ಖಾಲಿಯಾಗುವ ಲೆಕ್ಕ ಸರಿಹೋಯಿತು. ಕಂಪ್ಯೂಟರ್ ಇಲ್ಲದ ಇಂಥ ಕಾರಿನಲ್ಲಿ ಈ ಸೋರಿಕೆ ಹೆಚ್ಚುಕಡಿಮೆ ಸೊನ್ನೆ ಇರಬೇಕು. ಫ್ಯೂಸ್ ಒಂದೊಂದಾಗಿ ಕಿತ್ತೆ. ಎಲ್ಲ ಕಿತ್ತರೂ 0.38 ಅಲ್ಲಾಡಲಿಲ್ಲ. ಅಂದರೆ ಫ್ಯೂಸ್ ಪೆಟ್ಟಿಗೆ ಮುಟ್ಟದೆ ಹೋಗುವ ವೈರ್ ಯಾವುದೋ ಇದೆ. ಬ್ಯಾಟರಿಯ ಪಾಸಿಟಿವ್‌ನಿಂದ ಹೊರಟ ಒಂದು ತೆಳು ಕೆಂಪು ವೈರ್ ಹಿಡಿದು ಡ್ಯಾಶ್‌ಬೋರ್ಡ್ ಕೆಳಗೆ ತೂರಿದೆ. ಯಾವುದೋ ಕಾಲದಲ್ಲಿ ಹಾಕಿಸಿದ ಟೇಪ್ ರೆಕಾರ್ಡರ್, ನೇರ ಬ್ಯಾಟರಿಗೆ, ನಡುವೆ ಒಂದು ಫ್ಯೂಸ್ ಕೂಡ ಇಲ್ಲ. ಅದನ್ನು ಕೀಲಿಯ ಮೂಲಕ ಹೋಗುವ ಫ್ಯೂಸಿಗೆ ಸೇರಿಸಿದೆ.

ಈ ಕೆಲಸದಲ್ಲಿ ನನಗೆ ಮೀಟರಿಗಿಂತಲೂ ಉಪಕಾರ ಮಾಡಿದ್ದು ಹಳೇ ಬ್ರೇಕ್ ಲೈಟಿನ 21 ವ್ಯಾಟ್ ಬಲ್ಬು. ಹೋಲ್ಡರಿಗೆ ಎರಡು ವೈರ್, ಎರಡು ಕ್ಲಿಪ್, ಅಷ್ಟೇ. ಕಿಲುಬು ತಿಂದು ಒಂದೇ ಎಳೆ ಉಳಿದ ವೈರಿನಲ್ಲೂ ಮೀಟರ್ 12 ವೋಲ್ಟ್ ತೋರಿಸುತ್ತದೆ, ಯಾಕೆಂದರೆ ಅದು ಕರೆಂಟನ್ನೇ ಎಳೆಯುವುದಿಲ್ಲ. ಬಲ್ಬು ಮಂಕಾಗಿ ಉರಿದು ನಿಜ ಹೇಳಿಬಿಡುತ್ತದೆ. ಹಾರ್ನಿನ ಕೆಟ್ಟ ವೈರ್ ಸಿಕ್ಕಿದ್ದೂ ಹೀಗೆಯೇ.

ಹೆಡ್‌ಲೈಟಿಗೆ ರಿಲೇ (ಸ್ವಿಚ್ಚಿನ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸಾಧನ) ಹಾಕಿದ್ದೂ ಸಾರ್ಥಕವಾಯಿತು. 55 ವ್ಯಾಟಿನ ಎರಡು ಬಲ್ಬಿಗೆ ಒಂಬತ್ತು ಆಂಪಿಯರ್ ಬೇಕು. ಅಷ್ಟನ್ನೂ ಸ್ಟೀರಿಂಗ್ ಬಳಿಯ ಹಳೇ ಸ್ವಿಚ್ಚೇ ಹೊರುತ್ತಿತ್ತು. ಬಲ್ಬಿನ ಹತ್ತಿರ ಬರುವಷ್ಟರಲ್ಲಿ 10.7 ವೋಲ್ಟ್ ಆಗಿರುತ್ತಿತ್ತು. ರಿಲೇ ಬಂದ ಮೇಲೆ 12.1. ಸ್ವಿಚ್ಚೂ ಈಗ ತಣ್ಣಗಿರುತ್ತದೆ.

ಎಡಗಡೆ ಇಂಡಿಕೇಟರ್ ಹಾಕಿದರೆ ಪೆಟ್ರೋಲ್ ಮುಳ್ಳು ಈಗಲೂ ತಾಳಕ್ಕೆ ಕುಣಿಯುತ್ತದೆ. ಅದೂ ಅರ್ತಿನದೇ ಕೆಲಸ ಅಂತ ನನ್ನ ಅಂದಾಜು. ಬರುವ ಭಾನುವಾರ ಮಳೆ ಬಿಡುವು ಕೊಟ್ಟರೆ ಡಿಕ್ಕಿ ಖಾಲಿ ಮಾಡಿ, ಹಿಂದಿನ ಲೈಟುಗಳ ಅರ್ತ್ ಬೋಲ್ಟಿನಿಂದ ಶುರು ಮಾಡುತ್ತೇನೆ.